ಚಿಕ್ಕಪ್ಪನ ಕೈಗೆ ಕತ್ತಿ ಕೊಟ್ಟವನು ನಾನೇ

"ಮುಖ ನಿಮ್ದು ಕೊಡ್ರಿ, ಬಾಡಿ ನಮ್ದು."

ಬಳ್ಳಾರಿಯಲ್ಲಿ ಕರಿಕಲ್ಲಿನ ಮೇಲೆ ಸೂಜಿಯಿಂದ ಚುಕ್ಕಿ ಹೊಡೆದು ಚಿತ್ರ ಕೆತ್ತುವ ಅಂಗಡಿಯವನು ಹೀಗೆಂದಾಗ ನನಗೆ ನಗು ಬಂತು. ಅವನ ಹತ್ತಿರ ಒಂದು ಆಲ್ಬಮ್ ಇದೆ. ಅದರ ತುಂಬ ಮುಖವಿಲ್ಲದ ದೊಡ್ಡ ಮನುಷ್ಯರು. ಪೇಟ-ಶಲ್ಯದವರು, ಕೋಟಿನ ಮೇಲೆ ಪದಕ, ಕೈಯಲ್ಲಿ ಕತ್ತಿ ಇರುವವರು. ಸತ್ತವರ ಫೋಟೋ ನೋಡಿ ಮುಖವೊಂದನ್ನು ಕೂರಿಸಿದರೆ ಕೆಲಸ ಮುಗಿಯಿತು.

ನಾನು ಹೋದದ್ದು ಸಿರಿಗೇರಿಯ ನನ್ನ ಚಿಕ್ಕಪ್ಪನ ಸಮಾಧಿ ಕಲ್ಲಿಗಾಗಿ. ಚಿಕ್ಕಪ್ಪ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದರು. ಅಡುಗೆಯವರಾಗಿ. ಇದ್ದ ಒಂದೇ ಒಳ್ಳೆಯ ಫೋಟೋದಲ್ಲಿ, ಹಿಮದ ನಡುವೆ, ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಗುತ್ತಿದ್ದಾರೆ.

ಸೌಟು ಹಿಡಿದವರನ್ನು ಕಲ್ಲಿನಲ್ಲಿ ಕೆತ್ತಿಸುವುದೇ? ನನಗೆ ನಾಚಿಕೆಯಾಯಿತು. (ವಾರವಾರ ಈ ಅಂಕಣದಲ್ಲಿ ನಿಮಗೆ ಸಮಾನತೆಯ ಬಗ್ಗೆ ಕೊರೆಯುವವನಿಗೆ.) ಪದಕ, ಕತ್ತಿ ಇರುವ ಬಾಡಿಯನ್ನೇ ಆರಿಸಿದೆ.

ಕಲ್ಲು ನೆಟ್ಟ ದಿನ ಚಿಕ್ಕಮ್ಮ ಅದರ ಮೇಲೆ ಕೈಯಾಡಿಸಿ, "ಇವ್ರು ಯಾರಪ್ಪಾ?" ಎಂದರು.

ಉತ್ತರ ಕೊಟ್ಟದ್ದು ಊರಿನ ಸಾಹುಕಾರರ ಮಗ. ಪಕ್ಕದಲ್ಲೇ ಅವರ ತಂದೆಯ ಕಲ್ಲು. ಅದೇ ಕೋಟು, ಅದೇ ಪದಕ, ಅದೇ ಕತ್ತಿ. ಸಾಹುಕಾರರು ಯಾವ ಯುದ್ಧ ಮಾಡಿದ್ದರು? ಯಾವ ಗಡಿ ಕಂಡಿದ್ದರು? ಅವರನ್ನು ಯಾರೂ ಕೇಳಿರಲಿಲ್ಲ.

"ನಮ್ಮಪ್ಪಾರ ಬಾಜೂಕ ಒಬ್ಬ ಅಡಿಗಿಯಾಂವ ಕತ್ತಿ ಹಿಡ್ಕೊಂಡು ನಿಂತ್ರ ಹೆಂಗ್ರಿ? ತೆಗಸ್ರಿ."

ಮೈ ಉರಿಯಿತು. ಆದರೆ ಏನೆಂದು ಜಗಳ ಮಾಡಲಿ? ಅವರ ಅಪ್ಪನದು ಸುಳ್ಳು ಕತ್ತಿಯಾದರೆ ನಾನು ಕೊಟ್ಟದ್ದೂ ಸುಳ್ಳೇ. ಮಾತಾಡಿದವರು ಚಿಕ್ಕಮ್ಮ.

"ತೆಗಸ್ತೀವಿ ಬಿಡ್ರಿ. ನಮ್ಮ ಮನಿಯಾರು ಯಾವತ್ತೂ ಕತ್ತಿ ಹಿಡದವ್ರಲ್ಲ. ಆ ಥಂಡ್ಯಾಗ ನಿಂತು ಹಸದವ್ರಿಗೆ ಉಣ್ಣಾಕ ಹಾಕ್ಯಾರ. ಸೌಟನ್ನ ಕೆತ್ತಸ್ತೀವಿ."

ಮರುದಿನ ಅದೇ ಫೋಟೋ ಹಿಡಿದು ಇಬ್ಬರೂ ಬಳ್ಳಾರಿ ಬಸ್ಸು ಹತ್ತಿದೆವು. ಅಂಗಡಿಯವನು ಆಲ್ಬಮ್ಮನ್ನು ಕೊನೆಯ ಹಾಳೆಯವರೆಗೂ ತಿರುವಿ ಹಾಕಿದ.

"ಸೌಟು ಹಿಡದ ಬಾಡಿ ಇಲ್ರಿ ಅಮ್ಮಾ. ಈ ತನಕ ಯಾರೂ ಕೇಳಿಲ್ಲ."

ಕಲ್ಲಿನ ಮೇಲೆ ನಿಂತಿರುವ ಇಷ್ಟೊಂದು ವೀರರು ಹೊಟ್ಟೆಗೆ ಏನು ತಿನ್ನುತ್ತಿದ್ದರು?