ಗೌರಮ್ಮನ ಅವರೆಕಾಯಿ

ನಮ್ಮ ಚರ್ಚಿನಿಂದ ಬಡವರ ಮನೆಗೆ ಊಟ ಒಯ್ಯುವ ಕೆಲಸ ನನ್ನದು. ಅವರಿಂದ ಏನನ್ನೂ ತೆಗೆದುಕೊಳ್ಳಬಾರದೆಂಬುದು ಫಾದರ್ ಮಾಡಿದ ನಿಯಮ.

ಹನಗೋಡಿನ ಗೌರಮ್ಮ ಕೈ ಮುರಿದುಕೊಂಡು ಕೂಲಿ ಬಿಟ್ಟಿದ್ದರು. ಒಂದು ವಾರ ಊಟ ಕೊಟ್ಟೆ. ಕೊನೆಯ ದಿನ ಕ್ಯಾರಿಯರ್ ವಾಪಸ್ ಕೇಳಿದರೆ, ಒಂದೇ ಕೈಯಲ್ಲಿ ತೊಳೆದು, ಹಿತ್ತಲಿನ ಅವರೆಕಾಯಿ ತುಂಬಿ ಕೊಟ್ಟರು.

"ಬೇಡಮ್ಮ, ನಾವು ಏನೂ ತಗೊಳ್ಳಂಗಿಲ್ಲ," ಅಂದೆ.

ಅವರ ಮುಖ ಕೆಂಪಾಯಿತು. "ಬರೀ ಪಾತ್ರೆ ಎಂಗವ್ವಾ ಕಳ್ಸದು? ನಾನು ಬಡವಿ ಸರಿ ಕಣವ್ವ, ಅಷ್ಟೊಂದು ಬಡವಿ ಅಲ್ಲ."

ಪುಣ್ಯಕ್ಕೆ ನಾನು ವಾದ ಬೆಳೆಸಲಿಲ್ಲ. ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಕೊಡುವುದನ್ನಷ್ಟೇ ಕಲಿತಿದ್ದ ನನಗೆ ತೆಗೆದುಕೊಳ್ಳುವುದನ್ನು ಕಲಿಸಿದವರು ಅವರೇ.

ನಿಯಮ ಮುರಿದದ್ದಕ್ಕೆ ಫಾದರ್ ಚೆನ್ನಾಗಿ ಬೈದರು. ಅವರೆಕಾಳಿನ ಸಾರನ್ನು ಎರಡನೇ ಸಲ ಬಡಿಸಿಕೊಳ್ಳುತ್ತಲೇ ಬೈದರು.