ಬುಗುರಿ ಕಲಸಿದ ಕ್ರೀಮು

ಅವಳು ಕೂತಲ್ಲಿ ಕೂರುವ ಜೀವವೇ ಅಲ್ಲ. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವಾಗಲೂ ಕಾಲು ಕುಣಿಯುತ್ತಲೇ ಇರುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬುಗುರಿ.

ಅವಳ ಅಕ್ಕನಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಎರಡೂ ಕೆನ್ನೆಗೆ ಬಂಗು ಬಂತು. ಒಂದು ದಿನ ಯಾವನೋ ಗಿರಾಕಿ, "ಏನಮ್ಮ, ಮುಖಕ್ಕೆ ಮಸಿ ಮೆತ್ಕೊಂಡಿದೆ, ಒರೆಸ್ಕೊಳ್ಳಿ" ಎಂದುಬಿಟ್ಟ. ಅಂದೇ ರಜೆ ಹಾಕಿ ಬಂದು ಕೋಣೆ ಸೇರಿದವಳು ಮತ್ತೆ ಹೊಸ್ತಿಲು ದಾಟಲಿಲ್ಲ.

ಮುಚ್ಚಿದ ಆ ಬಾಗಿಲು ಕಂಡಾಗಲೆಲ್ಲ ಬುಗುರಿಗೆ ತಳಮಳ. ಬಂಗಿಗೆ ಜ್ಯೇಷ್ಠಮಧು ಒಳ್ಳೆಯದೆಂದು ಯಾರೋ ಹೇಳಿದ್ದೇ ತಡ, ಅದರ ಸಾರದ ಪುಡಿ ತಂದು ಅಡುಗೆಮನೆ ಹಿಡಿದಳು. ನೀರಿಗೆ ಸುರಿದರೆ ಪುಡಿ ಗಂಟುಗಂಟಾಗಿ ತೇಲಿತು. ಬಿಸಿ ಎಣ್ಣೆಗೆ ಹಾಕಿದರೆ ತಳ ಹಿಡಿದು ಕೂತಿತು. ಕಡೆದಳು, ಸೋಸಿದಳು, ಚೆಲ್ಲಿದಳು. ಅಂಗಡಿಯಲ್ಲೂ ಮನಸ್ಸೆಲ್ಲ ಆ ಬಟ್ಟಲಲ್ಲೇ; ಯಾರದೋ ಅಂಗಿಗೆ ಗುಂಡಿಗಳನ್ನು ಒಳಮಗ್ಗುಲಿಗೆ ಹಚ್ಚಿ ಬೈಸಿಕೊಂಡಳು. ಕೊನೆಗೆ ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ನುಣ್ಣಗೆ ಕಲಸಿ, ಉಗುರುಬೆಚ್ಚನೆಯ ನೀರನ್ನು ತೊಟ್ಟುತೊಟ್ಟಾಗಿ ಬೆರೆಸಿದಾಗ ಒಂದು ಗಂಟೂ ಉಳಿಯದೆ ಕರಗಿತು. ನೀರು, ಎಣ್ಣೆ ಎರಡನ್ನೂ ಒಂದಾಗಿ ಹಿಡಿಯುವ ಮೇಣ ಸೇರಿಸಿ ಕಡೆದದ್ದೇ ಬೆಣ್ಣೆಯಂಥ ಕ್ರೀಮು.

ಅಕ್ಕ ಮೂಸಿ ಮೂಗು ಮುರಿದಳು. "ಥೂ, ಕಷಾಯದ ವಾಸನೆ ಕಣೇ."

"ತಡಿ, ಒಂದ್ನಿಮಿಷ!" ಓಡಿಹೋಗಿ ಬುಗುರಿ ಘಮಕ್ಕೆಂದು ಲವಂಗದೆಣ್ಣೆ ಬಗ್ಗಿಸಿದಳು. ಮೊದಲು ತೋಳಿಗೆ ಹಚ್ಚಿ ನೋಡುವ ತಾಳ್ಮೆ ಅವಳಿಗೆಲ್ಲಿಯದು?

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಅಕ್ಕನ ಮುಖ ಕೆಂಡದಂತಿತ್ತು.

"ಬಂಗು ತೆಗಿ ಅಂದ್ರೆ ಮುಖಾನೇ ಸುಟ್ಯಲ್ಲೇ!"

"ಅಕ್ಕಾ, ಡಾಕ್ಟ್ರ ಹತ್ರ ನಾನೂ ಬರ್ತೀನಿ..."

"ಹತ್ರ ಬಂದ್ರೆ ನೋಡು!"

ಚಪ್ಪಲಿ ಮೆಟ್ಟಿದ ಅಕ್ಕ, ಮುಖ ಮುಚ್ಚಿಕೊಳ್ಳುವುದನ್ನೂ ಮರೆತು, ಹಾಡಹಗಲಲ್ಲಿ ಬೀದಿಗಿಳಿದೇಬಿಟ್ಟಳು.

ಮಧ್ಯಾಹ್ನವಾದರೂ ಬರಲಿಲ್ಲ. ಬುಗುರಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಮೆಟ್ಟಿಲಿಗೆ ಸುತ್ತಿದಳು. ಉಗುರೆಲ್ಲ ಕಚ್ಚಿ ಮುಗಿಯಿತು. ತಡೆಯಲಾರದೆ ಆಸ್ಪತ್ರೆಗೆ ಓಡಿದರೆ, "ಅವರು ಆಗ್ಲೇ ಹೋದ್ರಲ್ಲ" ಎಂದರು. ಬೀದಿ ಬೀದಿ ಹುಡುಕುತ್ತ ಅಂಚೆ ಕಚೇರಿಯೊಳಗೆ ಇಣುಕಿದಳು. ಕೌಂಟರಿನ ಒಳಗೆ, ಜೊತೆಯವರ ನಡುವೆ, ಕೆಂಪು ಮುಖದ ಅಕ್ಕ ಚಹಾ ಕುಡಿಯುತ್ತಿದ್ದಳು.

"ಬಂದ್ಲು ನೋಡಿ, ನನ್ನ ಮುಖ ಹುರಿದ ಮಹಾತಾಯಿ!"

ಎಲ್ಲರೂ ನಕ್ಕರು. ಬುಗುರಿಗೆ ಅಳುವೇ ಬಂತು.

"ಅಳ್ಬೇಡ್ವೇ. ಉರಿ ಇಳಿಯುತ್ತಂತೆ. ಆಸ್ಪತ್ರೇಲಿ ಸಾಲಲ್ಲಿ ಕೂತೋರನ್ನ ನೋಡ್ಬೇಕಿತ್ತು, ಅರ್ಧ ಜನಕ್ಕೆ ನನಗಿಂತ ಜಾಸ್ತಿ ಬಂಗು!"

ಉರಿ ಇಳಿದ ಮೇಲೆ ಅಕ್ಕ ಕೆಲಸಕ್ಕೆ ಮರಳಿದಳು. ಬಂಗು ಹಾಗೆಯೇ ಇದೆ. ಬುಗುರಿ ಈಗಲೂ ಕ್ರೀಮು ಕಲಸುತ್ತಾಳೆ, ಘಮದ ಗೊಡವೆ ಬಿಟ್ಟು. ಮೊದಲು ತನ್ನ ತೋಳಿಗೇ ಹಚ್ಚಿಕೊಂಡು ಒಂದು ದಿನ ಕಾಯಬೇಕೆಂಬುದು ಅಕ್ಕನ ಕಟ್ಟಪ್ಪಣೆ. ಆ ಒಂದು ದಿನ ಅವಳು ಪಡುವ ಪಾಡು ಯಾರಿಗೂ ಬೇಡ.