ಮುಟ್ಟುವ ಮೊದಲು ಮಾತಾಡಿಸಿದ ಡಾಕ್ಟರು

ವಿಜಯನಗರ, ರಾಜಾಜಿನಗರದ ಕಡೆಯ ಹೆಂಗಸರು ತವರಿನಲ್ಲೂ ಹೇಳಲಾರದ ಸಂಕಟವನ್ನು ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತಿದ್ದುದು ಸ್ತ್ರೀರೋಗ ತಜ್ಞೆ ಡಾ. ಕೋಕಿಲಾ ಅವರ ಮುಂದೆ. ಈ ೨೦೦೯ರಲ್ಲಿ ನಮ್ಮ ಹೆರಿಗೆ ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ಅವರ ಕೈಕೆಳಗೆ ಕಲಿತ ನಾನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ, ಒಂದು ಪ್ರಸಂಗವನ್ನು ನಿವೇದಿಸುತ್ತೇನೆ.

ನಾನು ಕೆಲಸಕ್ಕೆ ಸೇರಿದ ವರ್ಷ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದ ಗದಗ ಕಡೆಯ ಭುವನೇಶ್ವರಿ, ಗಂಡ ಫಕೀರೇಶ ಮತ್ತು ಅತ್ತೆ ಭಾಗವ್ವನವರೊಡನೆ ಬಂದಳು. ಮದುವೆಯಾಗಿ ಎರಡು ವರ್ಷವಾದರೂ ಗಂಡಹೆಂಡಿರು ಕೂಡಲು ಆಗಿರಲಿಲ್ಲ. ಪ್ರಯತ್ನಿಸಿದಾಗಲೆಲ್ಲ ಯೋನಿಯ ಸುತ್ತಲ ಸ್ನಾಯುಗಳು ಬಿಗಿದು, ಆಕೆ ನೋವಿನಿಂದ ಅಳುತ್ತಿದ್ದಳು. ಹಿಂದಿನ ಡಾಕ್ಟರೊಬ್ಬರು “ಸ್ವಲ್ಪ ಸಹಕರಿಸಮ್ಮ” ಎಂದು ಗದರಿ ಕಳಿಸಿದ್ದರು. ಒಂದೇ ಕೋಣೆಯ ಮನೆಯಾದ್ದರಿಂದ ವಿಷಯ ಅತ್ತೆಗೂ ಗೊತ್ತಿತ್ತು.

“ಆಕಿಗೆ ಹಟ ಭಾಳ ಐತ್ರಿ. ಮಗನಿಗೆ ಬ್ಯಾರೆ ಹೆಣ್ಣು ನೋಡ್ತೀನಿ,” ಎಂದರು ಭಾಗವ್ವ.

ಕೋಕಿಲಾ ಮೇಡಂ ಅತ್ತೆಗೆ ವಿವರಿಸಲು ಭುವನೇಶ್ವರಿಯ ಅನುಮತಿ ಕೇಳಿಕೊಂಡು, ಥಟ್ಟನೆ ತಮ್ಮ ಬೆರಳನ್ನು ಭಾಗವ್ವನವರ ಕಣ್ಣಿನ ಹತ್ತಿರ ತಂದರು. ಅವರು ಕಣ್ಣು ಮುಚ್ಚಿದರು.

“ಮುಚ್ಚಬೇಡಿ.”

ಮತ್ತೆ ಮುಚ್ಚಿದರು. ಮುಂದಿನ ಸಲ ಎರಡೂ ಕೈಯಿಂದ ರೆಪ್ಪೆ ಹಿಡಿದುಕೊಂಡು ಕುರ್ಚಿ ಸಮೇತ ಹಿಂದೆ ಸರಿದರು.

“ಯಾಕಮ್ಮ ಇಷ್ಟು ಹಟ?”

“ಹಟ ಅಲ್ರಿ, ತಾನ ಮುಚ್ಕೋತೈತಿ.”

“ಇವಳಿಗೂ ಅಷ್ಟೇ.”

ಫಕೀರೇಶ ನಗು ತಡೆಯಲಾರದೆ ಕೆಮ್ಮುತ್ತ ಹೊರಗೆ ಹೋದ.

ಅಂದು ಮೇಡಂ ಪರೀಕ್ಷೆಯನ್ನೇ ಮಾಡಲಿಲ್ಲ. “ನೀನು ಹೂಂ ಅನ್ನೋವರೆಗೂ ಮುಟ್ಟಲ್ಲ,” ಎಂದು ಭುವನೇಶ್ವರಿಗೆ ಮಾತು ಕೊಟ್ಟು, ಚಿತ್ರ ಬರೆದು ವಿವರಿಸಿ, ಉಸಿರು ಬಿಡುತ್ತ ಸ್ನಾಯು ಸಡಿಲಿಸುವುದನ್ನು ಕಲಿಸಿದರು. ಮುಂದಿನ ಭೇಟಿಗಳಲ್ಲಿ, ಕಿರುಬೆರಳಿನ ಗಾತ್ರದಿಂದ ಒಂದೊಂದಾಗಿ ದಪ್ಪವಾಗುವ ನಯವಾದ ಡೈಲೇಟರ್‌ ಎಂಬ ಕಡ್ಡಿಗಳನ್ನು ಕೊಟ್ಟು, ಅವಳೇ, ಅವಳಿಗೆ ಒಗ್ಗಿದಷ್ಟೇ ಒಳಗಿರಿಸಿ ಅಭ್ಯಾಸ ಮಾಡಲು ಹೇಳಿದರು. ಅಲ್ಲಿಯವರೆಗೆ ಕೂಡುವ ಪ್ರಯತ್ನ ಬೇಡವೆಂದು ಫಕೀರೇಶನಿಗೆ ತಾಕೀತಾಯಿತು. ಅಭ್ಯಾಸಕ್ಕೆ ಏಕಾಂತ ಸಿಗಲೆಂದು, ಅತ್ತೆ ಸಂಜೆಗಳಲ್ಲಿ ನಗರದಲ್ಲೇ ಇರುವ ಉಲ್ಲಾಳದ ಮಗಳ ಮನೆಗೆ ಹೋಗಬೇಕೆಂದಾಯಿತು.

“ನಾ ಹೋದ್ರ ಆಕಿಗೆ ಆರಾಮ ಆಗ್ತೈತೇನ್ರಿ?”

“ಅರ್ಧ ಆಗುತ್ತೆ.”

ಒಂದು ದಿನ ಭುವನೇಶ್ವರಿ ಮುಖ ಕೆಂಪಗೆ ಮಾಡಿಕೊಂಡು ಬಂದಳು. ಅತ್ತೆ ಡೈಲೇಟರ್‌ಗಳನ್ನು ಲಟ್ಟಣಿಗೆಯೆಂದು ತಿಳಿದು ತೊಳೆದು ಅಡುಗೆಮನೆಯಲ್ಲಿ ಇಟ್ಟಿದ್ದರಂತೆ.

“ಚಪಾತಿ ಲಟ್ಟಿಸಿದ್ರಾ?” ಮೇಡಂ ಗಂಭೀರವಾಗಿಯೇ ಕೇಳಿದರು.

“ಇಲ್ರಿ, ಭಾಳ ಸಣ್ಣವಾದ್ವು ಅಂದ್ರು.”

ಆ ಕೋಣೆಯಲ್ಲಿ ಭುವನೇಶ್ವರಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಕೆಲವು ತಿಂಗಳ ಮೇಲೆ ಆಕೆ ತಾನಾಗಿಯೇ ಪರೀಕ್ಷೆಯ ಮೇಜು ಹತ್ತಿ ಮಲಗಿ, “ಹೂಂ ರಿ,” ಎಂದಳು. ನೋವಾಗಲಿಲ್ಲ. ಆ ಬೇಸಿಗೆಯಲ್ಲಿ ಗಂಡಹೆಂಡಿರ ಬಾಳು ಕೂಡಿಬಂತು. ಬೇರೆ ಹೆಣ್ಣಿನ ಮಾತನ್ನು ಭಾಗವ್ವ ಮತ್ತೆ ಎತ್ತಲಿಲ್ಲ. ಆದರೆ ಉಲ್ಲಾಳದ ಸಂಜೆಗಳು ರುಚಿಸಿದ್ದರಿಂದ ಮನೆಗೆ ಮರಳಲು ತಕರಾರು ಮಾಡಿದರು.

ಇದನ್ನು ಬರೆಯಲೇ ಎಂದಾಗ ಭುವನೇಶ್ವರಿ, “ಬರೀರಿ. ನನ್ನಂಗ ಅಳಾಕಿ ಒಬ್ಬಾಕಿ ಓದಿದ್ರೂ ಸಾಕು,” ಎಂದಳು.

ನಿವೃತ್ತಿಯ ನಂತರವೂ ಇಂಥವರಿಗಾಗಿ ಮೇಡಂ ಚಂದ್ರಾ ಲೇಔಟಿನ ಮನೆಯ ಮುಂಗೋಣೆಯನ್ನು ತೆರವು ಮಾಡಿಸಿದ್ದಾರೆ. ಅವರಿಗೆ ದೀರ್ಘ ಆಯುಸ್ಸೂ ಆರೋಗ್ಯವೂ ಒದಗಲಿ, ಆ ಬಾಗಿಲು ಬಹುಕಾಲ ತೆರೆದಿರಲಿ. ಮಧ್ಯಾಹ್ನ ಊಟವಾದ ಮೇಲೆ ಮಾತ್ರ ದಯವಿಟ್ಟು ಯಾರೂ ಬೆಲ್ ಒತ್ತಬಾರದು. ಕೆಲಸದಲ್ಲಿದ್ದಷ್ಟು ಕಾಲವೂ ಅವರಿಗೆ ಆ ನಿದ್ದೆ ಸಿಕ್ಕಿಲ್ಲ.